ಪೂರ್ವ ಏಷ್ಯಾದ ಪರಂಪರಾಗತ ವೈದ್ಯದಲ್ಲಿ ರಕ್ತನಾಳ

ಚೀನಾದಲ್ಲಿ ಹುಟ್ಟಿ ಕೊರಿಯಾ, ಜಪಾನ್, ವಿಯೆಟ್ನಾಂಗಳಿಗೆ ಹಬ್ಬಿದ ವೈದ್ಯಪರಂಪರೆಯಲ್ಲಿ, ದೇಹದೊಳಗೆ ರಕ್ತವೂ ‘ಚಿ’ ಎಂಬ ಪ್ರಾಣವಾಯುವೂ ಹರಿಯುವ ದಾರಿಗೆ ‘ಮಾಯ್’ ಎಂದು ಹೆಸರು. ಕೊರಿಯನ್ನರ ಬಾಯಲ್ಲಿ ಅದು ‘ಮೆಕ್’, ಜಪಾನೀಯರ ಬಾಯಲ್ಲಿ ‘ಮ್ಯಾಕು’. ನಮ್ಮ ‘ನಾಡಿ’ಯಂತೆ ಈ ಹೆಸರೂ ನಾಳಕ್ಕೆ ಸಲ್ಲುತ್ತದೆ, ಮಣಿಕಟ್ಟಿನಲ್ಲಿ ಬೆರಳಿಗೆ ಸಿಗುವ ಬಡಿತಕ್ಕೂ ಸಲ್ಲುತ್ತದೆ. ಮಾಯ್‌ಗಳ ಬಗ್ಗೆ ಇಂದು ಎರಡು ತೀರ್ಪುಗಳು ಚಾಲ್ತಿಯಲ್ಲಿವೆ. ಅವು ರಕ್ತನಾಳಗಳೇ ಅಲ್ಲ, ಕಣ್ಣಿಗೆ ಕಾಣದ ಶಕ್ತಿರೇಖೆಗಳು ಎನ್ನುವುದು ಒಂದು. ಅಕ್ಯುಪಂಕ್ಚರನ್ನು ಹೊಗಳುವವರೂ ತೆಗಳುವವರೂ ಈ ಮಾತಿನಲ್ಲಿ ಒಂದಾಗುತ್ತಾರೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ರಕ್ತಪರಿಚಲನೆಯನ್ನು ಚೀನೀಯರು ಅದಕ್ಕೂ ಸುಮಾರು 1700 ವರ್ಷ ಮೊದಲೇ ಅರಿತಿದ್ದರು ಎನ್ನುವುದು ಇನ್ನೊಂದು. ಮೂಲಗ್ರಂಥಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ. ಮಾಯ್ ಎಂದರೆ ರಕ್ತ ತುಂಬಿದ, ಒತ್ತಿದರೆ ಮಿಡಿಯುವ, ಚುಚ್ಚಿದರೆ ಸುರಿಯುವ ನಿಜವಾದ ನಾಳವೇ. ಆದರೆ ವೈದ್ಯರು ಅದನ್ನು ತಿಳಿದದ್ದು ಚರ್ಮದ ಹೊರಗಿನಿಂದ, ಬೆರಳು, ಸೂಜಿ ಮತ್ತು ಬೆಂಕಿಯ ಮೂಲಕ. ಹಾಗೆ ಕೈಗೆ ಸಿಕ್ಕ ತಿಳಿವಳಿಕೆ ಬಹುಮಟ್ಟಿಗೆ ಖಚಿತವಾಗಿತ್ತು. ಕೈಗೆ ಸಿಗದ ಒಳಸಂಪರ್ಕಗಳನ್ನು ಮಾತ್ರ ಗಣಿತವೂ ಖಗೋಳವೂ ತುಂಬಿಕೊಟ್ಟವು. ಈ ಎರಡು ಪದರಗಳನ್ನು ಬಿಡಿಸಿ ನೋಡದಿದ್ದರೆ ಮೇಲಿನ ಎರಡು ತೀರ್ಪುಗಳಲ್ಲಿ ಒಂದಕ್ಕೆ ಸಿಕ್ಕಿಬೀಳುವುದು ಖಂಡಿತ.

ಅತಿ ಹಳೆಯ ಸಾಕ್ಷ್ಯ ಗೋರಿಗಳಲ್ಲಿ ದೊರೆತಿದೆ. ಹುನಾನ್ ಪ್ರಾಂತ್ಯದ ಚಾಂಗ್‌ಶಾದ ಬಳಿ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಮೂರನೆಯ ಗೋರಿಯನ್ನು 1973ರಲ್ಲಿ ತೆರೆದಾಗ ರೇಷ್ಮೆಬಟ್ಟೆಯ ಮೇಲೆ ಬರೆದ ವೈದ್ಯಗ್ರಂಥಗಳು ಹೊರಬಂದವು. ಅವುಗಳಲ್ಲಿ ಎರಡು, ಹನ್ನೊಂದು ಮಾಯ್‌ಗಳನ್ನು ಒಂದೊಂದಾಗಿ ವರ್ಣಿಸುತ್ತವೆ: ಎಲ್ಲಿ ಹೊರಡುತ್ತದೆ, ಯಾವ ಕಡೆಯಿಂದ ಹಾದು ಎಲ್ಲಿ ಮುಗಿಯುತ್ತದೆ, ಕೆಟ್ಟರೆ ಯಾವ ನೋವು ಬರುತ್ತದೆ. ಚಿಕಿತ್ಸೆ ಒಂದೇ, ಮಾಚಿಪತ್ರೆಯ ಜಾತಿಗೆ ಸೇರಿದ ಗಿಡದ ಒಣಎಲೆಯನ್ನು ಉರಿಸಿ ಆ ನಾಳದ ಮೇಲೆ ಚುಟಿಕೆ ಹಾಕುವುದು. ಈ ಎರಡು ಗ್ರಂಥಗಳಲ್ಲಿ ಸೂಜಿಯ ಮಾತಿಲ್ಲ, ಮುಂದೆ ನೂರಾರು ಸಂಖ್ಯೆಯಲ್ಲಿ ಹೆಸರು ಪಡೆದ ಚುಚ್ಚುಬಿಂದುಗಳೂ ಇಲ್ಲ. ಒಂದು ಗ್ರಂಥದಲ್ಲಿ ಎಲ್ಲ ನಾಳಗಳೂ ಕೈಕಾಲಿನ ತುದಿಯಿಂದ ಮುಂಡದ ಕಡೆಗೆ ಬರುತ್ತವೆ, ಒಂದಕ್ಕೊಂದು ಕೂಡುವುದಿಲ್ಲ; ಇನ್ನೊಂದರಲ್ಲಿ ಎರಡು ನಾಳಗಳು ಮಾತ್ರ ತಿರುವಿ ಹರಿಯುತ್ತವೆ. ಈ ಎರಡನೆಯದರಲ್ಲಿ ತೋಳಿನ ಮೂರು ನಾಳಗಳಿಗೆ ಇರುವ ಹೆಸರುಗಳು ಗಮನಾರ್ಹ: ಭುಜದ ನಾಳ, ಕಿವಿಯ ನಾಳ, ಹಲ್ಲಿನ ನಾಳ. ಹಲ್ಲುನೋವು ದವಡೆಯಿಂದ ಕೆನ್ನೆಗೆ, ಕೆನ್ನೆಯಿಂದ ಕೈಗೆ ಎಳೆದಂತೆ ಅನ್ನಿಸುವ ರೋಗಿಯ ಅನುಭವ ಇಂಥ ಹೆಸರಿನ ಹಿಂದೆ ಇದ್ದಿರಬಹುದು. ಹುಬೇ ಪ್ರಾಂತ್ಯದ ಜಾಂಗ್‌ಜಿಯಾಶಾನ್‌ನಲ್ಲಿ ಸಿಕ್ಕ ಬಿದಿರುಪಟ್ಟಿಗಳ ಗ್ರಂಥವೂ ಇದೇ ಹನ್ನೊಂದರ ಪಟ್ಟಿ ಕೊಟ್ಟು, ಎಲುಬನ್ನು ಕಂಬವೆಂದೂ ಮಾಯನ್ನು ಕಾಲುವೆಯೆಂದೂ ಕರೆಯುತ್ತದೆ. ಸಿಚುವಾನ್‌ನ ಮಿಯಾನ್‌ಯಾಂಗ್‌ನಲ್ಲಿ 1993ರಲ್ಲಿ ದೊರೆತ, ಸುಮಾರು 28 ಸೆಂ.ಮೀ. ಎತ್ತರದ ಅರಗುಬಳಿದ ಮರದ ಗೊಂಬೆಯ ಕಪ್ಪು ಮೈಮೇಲೆ ಕೆಂಪು ಗೆರೆಗಳಿವೆ. ಅವು ಈ ಯಾವ ಗ್ರಂಥಕ್ಕೂ ಪೂರ್ತಿ ಹೊಂದುವುದಿಲ್ಲ. ಅಂದರೆ ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಎಲ್ಲರೂ ಒಪ್ಪಿದ ಒಂದೇ ನಾಳವ್ಯವಸ್ಥೆ ಇರಲಿಲ್ಲ. ಒಂದಕ್ಕಿಂತ ಹೆಚ್ಚು ಪಟ್ಟಿಗಳು ಬಳಕೆಯಲ್ಲಿದ್ದವು. ಅನಾದಿಕಾಲದಿಂದ ಬದಲಾಗದೆ ಬಂದ ವಿದ್ಯೆ ಎಂಬ ಹೆಮ್ಮೆಯ ಮಾತಿಗೆ ಈ ಗೋರಿಗಳಲ್ಲಿ ಆಧಾರವಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಈ ಗೆರೆಗಳು ನೋವು ಹರಡುವ ದಾರಿಗಳಾಗಿದ್ದರೆ ಅವನ್ನು ರಕ್ತನಾಳ ಎನ್ನುವುದು ಹೇಗೆ? ಉತ್ತರ ಅದೇ ಪರಂಪರೆಯ ಮುಖ್ಯ ಗ್ರಂಥದಲ್ಲಿದೆ. ‘ಹುವಾಂಗ್‌ದಿ ನೇಜಿಂಗ್’ ಎಂಬ, ಹಳದಿ ಸಾಮ್ರಾಟನ ಹೆಸರಿನ ಸಂಹಿತೆ ಬಹುಪಾಲು ವಿದ್ವಾಂಸರ ಮತದಲ್ಲಿ ಕ್ರಿ.ಪೂ. ಒಂದನೆಯ ಶತಮಾನದ ಆಸುಪಾಸಿನಲ್ಲಿ ರೂಪುಗೊಂಡದ್ದು. ಅದು ‘ಸುವೆನ್’ ಮತ್ತು ‘ಲಿಂಗ್‌ಶು’ ಎಂಬ ಎರಡು ಭಾಗಗಳಲ್ಲಿ ನಮಗೆ ಉಳಿದಿದೆ. ಸುವೆನ್‌ನ 52ನೆಯ ಅಧ್ಯಾಯ ಸೂಜಿ ಹಾಕುವವನಿಗೆ ಕೊಟ್ಟ ಎಚ್ಚರಿಕೆಗಳ ಪಟ್ಟಿ. ಪಾದದ ಮೇಲ್ಭಾಗದಲ್ಲಿ ದೊಡ್ಡ ಮಾಯ್‌ಗೆ ಸೂಜಿ ತಾಗಿ ರಕ್ತ ನಿಲ್ಲದಿದ್ದರೆ ರೋಗಿ ಸಾಯುತ್ತಾನೆ. ತೊಡೆಯ ಒಳಬದಿಯ ದೊಡ್ಡ ಮಾಯ್‌ಗೂ ಅದೇ ಮಾತು. ಮುಂಗೈಯ ಒಳಬದಿಯ ಮಾಯ್‌ನಿಂದ ಹೆಚ್ಚು ರಕ್ತ ಹೋದರೆ ಕೂಡಲೇ ಸಾವು. ಮಂಡಿಯ ಹಿಂದಿನ ಗುಳಿಯಲ್ಲಿ ದೊಡ್ಡ ಮಾಯ್ ತೂತಾದರೆ ರೋಗಿ ಬಿಳಿಚಿಕೊಂಡು ಬೀಳುತ್ತಾನೆ. ಪಾದ, ತೊಡೆ, ಮುಂಗೈ, ಮಂಡಿಯ ಹಿಂಭಾಗ: ಈ ನಾಲ್ಕು ಜಾಗಗಳಲ್ಲೂ ದೊಡ್ಡ ಅಪಧಮನಿಗಳು ಹಾದುಹೋಗುತ್ತವೆ ಎಂಬುದನ್ನು ಇಂದಿನ ಯಾವ ವೈದ್ಯವಿದ್ಯಾರ್ಥಿಯೂ ಹೇಳಬಲ್ಲ. ಲಿಂಗ್‌ಶುವಿನ 39ನೆಯ ಅಧ್ಯಾಯ ಪೂರ್ತಿ ರಕ್ತಮೋಕ್ಷಣದ ಬಗೆಗೆ. ಒಬ್ಬನಿಗೆ ರಕ್ತ ಚಿಮ್ಮುವುದೇಕೆ, ಇನ್ನೊಬ್ಬನಿಗೆ ಕಪ್ಪಾಗಿ ಗಟ್ಟಿಯಾಗಿ ಬರುವುದೇಕೆ, ಮತ್ತೊಬ್ಬನಿಗೆ ತೆಳ್ಳಗೆ ಅರ್ಧ ನೀರಿನಂತೆ ಹರಿಯುವುದೇಕೆ, ಚುಚ್ಚಿದ ಜಾಗ ಊದಿಕೊಳ್ಳುವುದೇಕೆ, ಕೆಲವರು ಚುಚ್ಚಿದೊಡನೆ ಮೂರ್ಛೆ ಹೋಗುವುದೇಕೆ ಎಂದು ಅದು ಕೇಳಿಕೊಳ್ಳುತ್ತದೆ. ಕೊಡುವ ಉತ್ತರಗಳು ಯಿನ್-ಯಾಂಗ್‌ನ ಭಾಷೆಯಲ್ಲಿವೆ ನಿಜ. ಆದರೆ ಪ್ರಶ್ನೆಗಳು ಕೈಗೆ ರಕ್ತ ಮೆತ್ತಿಕೊಂಡವರ ಪ್ರಶ್ನೆಗಳು. ಕಾಣದ ಶಕ್ತಿರೇಖೆಯನ್ನು ಚುಚ್ಚಿದವನಿಗೆ ಇಂಥ ತೊಂದರೆ ಬರುವುದಿಲ್ಲ.

ಕೈಗೆಟುಕುವ ವಿಷಯದಲ್ಲಿ ಈ ವೈದ್ಯರ ವಿವೇಚನೆ ಎಷ್ಟು ಸೂಕ್ಷ್ಮವಾಗಿತ್ತು ಎಂಬುದಕ್ಕೆ ಲಿಂಗ್‌ಶುವಿನ ಹತ್ತನೆಯ ಅಧ್ಯಾಯ ಸಾಕ್ಷಿ. ಅದರ ಪ್ರಕಾರ ನಾಳಗಳು ಎರಡು ಬಗೆ. ಮಾಂಸದ ನಡುವೆ ಆಳದಲ್ಲಿ ಅಡಗಿ ಕಣ್ಣಿಗೆ ಕಾಣದವು ‘ಜಿಂಗ್’, ಅಂದರೆ ಮುಖ್ಯನಾಳಗಳು. ಚರ್ಮದ ಮೇಲೆ ತೇಲಿದಂತೆ ಸದಾ ಕಾಣುವವು ‘ಲುವೊ’, ಜಾಲದಂತೆ ಹೆಣೆದುಕೊಂಡ ಉಪನಾಳಗಳು. ಮುಖ್ಯನಾಳ ತುಂಬಿದೆಯೋ ಬರಿದಾಗಿದೆಯೋ ಎಂದು ತಿಳಿಯಲು ಮಣಿಕಟ್ಟನ್ನು ಮುಟ್ಟಬೇಕು. ಉಪನಾಳದ ಸ್ಥಿತಿಯನ್ನು ಅದರ ಬಣ್ಣದಲ್ಲಿ ನೋಡಬೇಕು. ಹೆಬ್ಬೆರಳಿನ ಬುಡದ ಉಬ್ಬಿನಲ್ಲಿ ಉಪನಾಳಗಳು ನೀಲಿಯಾಗಿದ್ದರೆ ಜಠರದಲ್ಲಿ ಶೀತ, ಕೆಂಪಾಗಿದ್ದರೆ ಉಷ್ಣ ಎಂದು ಅದು ಹೇಳುತ್ತದೆ. ಈ ವಿಂಗಡಣೆ ನಮ್ಮ ಪಠ್ಯಪುಸ್ತಕದ ಅಪಧಮನಿ ಮತ್ತು ಅಭಿಧಮನಿಗಳಿಗೆ ಬಹಳ ಹತ್ತಿರ ಬರುತ್ತದೆ, ಆದರೆ ಅದೇ ಅಲ್ಲ. ಹೃದಯದಿಂದ ಹೊರಡುವ ನಾಳ, ಹೃದಯಕ್ಕೆ ಮರಳುವ ನಾಳ ಎಂಬ ಭೇದ ಇದರಲ್ಲಿಲ್ಲ. ಬೆರಳಿಗೆ ಸಿಗುವುದು, ಕಣ್ಣಿಗೆ ಕಾಣುವುದು ಎಂಬ ಭೇದವಷ್ಟೇ ಇದೆ. ಸುವೆನ್‌ನ 18ನೆಯ ಅಧ್ಯಾಯದ ಒಂದು ವಾಕ್ಯ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಎಡಮೊಲೆಯ ಕೆಳಗೆ ಬಟ್ಟೆ ಅಲುಗುವಷ್ಟು ಮಿಡಿಯುವ ಒಂದು ದೊಡ್ಡ ಉಪನಾಳವಿದೆ, ಅದು ವಪೆಯನ್ನು ತೂರಿ ಶ್ವಾಸಕೋಶಕ್ಕೆ ಕೂಡುತ್ತದೆ ಎಂದು ಅಲ್ಲಿ ವರ್ಣನೆ. ವೈದ್ಯನು ಕಂಡದ್ದು ಹೃದಯದ ತುದಿ ಎದೆಗೂಡಿಗೆ ತಾಗುವ ಬಡಿತವನ್ನೇ, ಅದರಲ್ಲಿ ಸಂಶಯವಿಲ್ಲ. ಬಡಿತ ಅತಿಯಾದರೆ ಕೆಡುಕು, ನಿಂತುಹೋದರೆ ಸಾವು ಎಂಬುದನ್ನೂ ಆತ ಗುರುತಿಸಿದ್ದಾನೆ. ಆದರೆ ಆತ ಅದನ್ನು ಜಠರದ ನಾಳವೆಂದು ಲೆಕ್ಕ ಹಿಡಿದ! ಪ್ರಾಣಧಾರಣೆಗೆ ಆಹಾರವೇ ಮೂಲ, ಆಹಾರದ ಸಾರವೇ ಮೇಲೇರಿ ಕೆಂಪಾಗಿ ರಕ್ತವಾಗುತ್ತದೆ ಎಂದು ನಂಬಿದವನಿಗೆ ಎದೆಯ ಅತಿ ಬಲವಾದ ಮಿಡಿತ ಜಠರಕ್ಕೆ ಸೇರಿದ್ದೆಂದು ತೋರಿದ್ದು ಅಸಂಗತವೇನಲ್ಲ. ರಕ್ತವೆಲ್ಲ ಹೃದಯಕ್ಕೆ ಸೇರಿದ್ದು ಎಂದು ಅದೇ ಸುವೆನ್ ಬೇರೆಡೆ ಹೇಳುತ್ತದೆ. ಅಲ್ಲಿ ಹೃದಯ ರಕ್ತದ ಒಡೆಯ. ಅದನ್ನು ತಳ್ಳುವ ಯಂತ್ರ ಎಂಬ ಮಾತು ಎಲ್ಲಿಯೂ ಇಲ್ಲ.

ನಾಡಿ ನೋಡುವ ವಿದ್ಯೆಯ ಆರಂಭವನ್ನು ಇತಿಹಾಸಕಾರ ಸಿಮಾ ಚಿಯೆನ್ ತನ್ನ ‘ಶಿಜಿ’ಯ 105ನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಕ್ರಿ.ಪೂ. ಎರಡನೆಯ ಶತಮಾನದ ವೈದ್ಯ ಚುನ್‌ಯು ಯಿ ಅರಮನೆಯ ವಿಚಾರಣೆಗೆ ಉತ್ತರವಾಗಿ ಒಪ್ಪಿಸಿದ 25 ರೋಗಿಗಳ ವೃತ್ತಾಂತ ಅಲ್ಲಿದೆ. ಬಹುಪಾಲು ಪ್ರಸಂಗಗಳಲ್ಲಿ ರೋಗವನ್ನು ಗುರುತಿಸಿದ್ದು ಮಾಯ್ ಮುಟ್ಟಿ ನೋಡಿ. ಆಗಿನ್ನೂ ಎಲ್ಲಿ ಮುಟ್ಟಬೇಕೆಂಬುದು ಗಟ್ಟಿಯಾಗಿರಲಿಲ್ಲ. ಸುವೆನ್‌ನ ಒಂದು ಅಧ್ಯಾಯ ತಲೆ, ಕೈ, ಕಾಲುಗಳಲ್ಲಿ ಒಟ್ಟು ಒಂಬತ್ತು ಕಡೆ ಮುಟ್ಟಬೇಕೆನ್ನುತ್ತದೆ. ಬೇರೆ ಕಡೆ ಕತ್ತಿನ ಬಡಿತವನ್ನು ಮಣಿಕಟ್ಟಿನ ಬಡಿತದೊಡನೆ ಹೋಲಿಸಬೇಕೆಂದಿದೆ. ಕ್ರಿಸ್ತಶಕದ ಮೊದಲ ಎರಡು ಶತಮಾನಗಳಲ್ಲಿ ರಚಿತವಾದ, 81 ಕಠಿಣ ಪ್ರಶ್ನೆಗಳ ‘ನಾನ್‌ಜಿಂಗ್’ ಇವೆಲ್ಲವನ್ನೂ ಬದಿಗಿಟ್ಟು ಮಣಿಕಟ್ಟೊಂದೇ ಸಾಕೆಂದು ವಿಧಿಸಿತು. ಮೂರನೆಯ ಶತಮಾನದ ವಾಂಗ್ ಶುಹೆ ತನ್ನ ‘ಮಾಯ್‌ಜಿಂಗ್’ನಲ್ಲಿ ಬಡಿತವನ್ನು 24 ಬಗೆಯಾಗಿ ವಿಂಗಡಿಸಿದ, 1564ರಲ್ಲಿ ಲಿ ಶಿಜೆನ್ ಅದನ್ನು 27ಕ್ಕೆ ಏರಿಸಿದ. ತೇಲುವುದು, ಮುಳುಗುವುದು, ಜಾರುವುದು, ತಡೆತಡೆದು ಬರುವುದು ಎಂಬಂಥ ಈ ಹೆಸರುಗಳು ಬೆರಳ ತುದಿಯ ಅನುಭವದಿಂದ ಬಂದವು. ಇವೆಲ್ಲವೂ ರೋಗನಿದಾನಕ್ಕೆ ಒಂದೇ ಸಮನೆ ಉಪಯುಕ್ತ ಎಂದು ನಂಬುವುದು ಕಷ್ಟ. ಆದರೆ ಅವುಗಳ ಖ್ಯಾತಿ ಯುರೋಪಿಗೂ ಮುಟ್ಟಿತು: 1707ರಲ್ಲಿ ನಾಡಿ ಎಣಿಸಲೆಂದೇ ಗಡಿಯಾರ ಮಾಡಿಸಿ ಅದರ ಬಗ್ಗೆ ಗ್ರಂಥ ಬರೆದ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಚೀನೀ ನಾಡಿಶಾಸ್ತ್ರವನ್ನು ಓದಿ ಮೆಚ್ಚಿದವನು.

ಈಗ ಎರಡನೆಯ ಪದರಕ್ಕೆ, ಅಂದರೆ ಲೆಕ್ಕಕ್ಕೆ ಬರೋಣ. ಲಿಂಗ್‌ಶುವಿನಲ್ಲಿ ಹನ್ನೊಂದು ಮಾಯ್‌ಗಳು ಹನ್ನೆರಡಾಗಿವೆ, ಒಂದೊಂದಕ್ಕೂ ಒಂದು ಒಳಾಂಗ ಗಂಟುಬಿದ್ದಿದೆ, ಮತ್ತು ಎಲ್ಲವೂ ತುದಿಗೆ ತುದಿ ಸೇರಿ ಒಂದೇ ಬಳೆಯಾಗಿವೆ. ಹರಿವು ಶ್ವಾಸಕೋಶದ ನಾಳದಲ್ಲಿ ಎದೆಯಿಂದ ಕೈಗೆ ಇಳಿದು, ಅಲ್ಲಿಂದ ದೊಡ್ಡಕರುಳಿನ ನಾಳವಾಗಿ ಮುಖಕ್ಕೆ ಏರಿ, ಜಠರದ ನಾಳವಾಗಿ ಕಾಲಿಗೆ ಇಳಿದು, ಗುಲ್ಮದ ನಾಳವಾಗಿ ಎದೆಗೆ ಮರಳುತ್ತದೆ. ಇಂಥ ಮೂರು ಸುತ್ತು ಮುಗಿದಾಗ ಹನ್ನೆರಡೂ ನಾಳಗಳನ್ನು ಹಾದು ಯಕೃತ್ತಿನಿಂದ ಮತ್ತೆ ಶ್ವಾಸಕೋಶಕ್ಕೆ ಬಂದಿರುತ್ತದೆ. ಇದಕ್ಕೆ ಅಳತೆಯೂ ಉಂಟು. ಒಂದು ಚೀನೀ ಅಡಿ, ಈ ಗ್ರಂಥ ರೂಪುಗೊಂಡ ಹಾನ್ ಅರಸರ ಕಾಲದಲ್ಲಿ, ಸುಮಾರು 23 ಸೆಂ.ಮೀ., ಅದಕ್ಕೆ ಹತ್ತು ಅಂಗುಲ. ಹನ್ನೆರಡನ್ನೂ ಎಡಬಲ ಎರಡೆರಡಾಗಿ ಎಣಿಸಿದರೆ, ಕೈಯ ಆರು ಯಾಂಗ್ ನಾಳಗಳು ತಲಾ 5 ಅಡಿ, ಆರು ಯಿನ್ ನಾಳಗಳು ತಲಾ ಮೂರೂವರೆ. ಕಾಲಿನ ಆರು ಯಾಂಗ್ ತಲಾ 8, ಆರು ಯಿನ್ ತಲಾ ಆರೂವರೆ. ಹಿಮ್ಮಡಿಯಿಂದ ಹೊರಡುವ ಎರಡು ನಾಳಗಳು ತಲಾ ಏಳೂವರೆ. ಬೆನ್ನಿನ ಮತ್ತು ಹೊಟ್ಟೆಯ ನಡುಗೆರೆಯ ಎರಡು ನಾಳಗಳು ತಲಾ ನಾಲ್ಕೂವರೆ. ಕೂಡಿದರೆ 28 ನಾಳಗಳು, 162 ಅಡಿ, ಅಂದರೆ ಸುಮಾರು 37 ಮೀಟರ್. ಒಂದು ಉಸಿರಿಗೆ ಹರಿವು 6 ಅಂಗುಲ ಸಾಗುತ್ತದೆ. 270 ಉಸಿರಿಗೆ ಒಂದು ಸುತ್ತು. ಹಗಲಿರುಳು ಸೇರಿ 13,500 ಉಸಿರಿಗೆ ಸರಿಯಾಗಿ 50 ಸುತ್ತು. ಆಕಾಶದ ಚಂದ್ರಪಥದಲ್ಲಿ ಚೀನೀ ಖಗೋಳ ಎಣಿಸುವ ನಕ್ಷತ್ರಪುಂಜಗಳೂ 28; ಜಲಗಡಿಯಾರ ದಿನವನ್ನು ಹಂಚುತ್ತಿದ್ದುದು 100 ಭಾಗಗಳಾಗಿ, ಒಂದು ಸುತ್ತಿಗೆ ಎರಡು ಭಾಗ. ಉತ್ತರ ಮೊದಲೇ ಗೊತ್ತಿದ್ದು ಲೆಕ್ಕವನ್ನು ಆಮೇಲೆ ಹೊಂದಿಸಿದ ಗುರುತು ಇಲ್ಲಿ ಎದ್ದು ಕಾಣುತ್ತದೆ.

ಈ ಮಾತು ಬರಿಯ ಊಹೆಯಲ್ಲ ಎಂದು ತೋರಿಸಲು ಅದೇ ಗ್ರಂಥದ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿ ಇಡಬಹುದು. ದಿನಕ್ಕೆ 13,500 ಉಸಿರು ಎಂದರೆ ನಿಮಿಷಕ್ಕೆ ಒಂಬತ್ತಕ್ಕಿಂತ ತುಸು ಹೆಚ್ಚು. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಜಲಗಡಿಯಾರ ಪಕ್ಕದಲ್ಲಿಟ್ಟು ಯಾರಾದರೂ ಒಂದು ಗಳಿಗೆ ಎಣಿಸಿದ್ದರೂ ಈ ತಪ್ಪು ಉಳಿಯುತ್ತಿರಲಿಲ್ಲ. ಇದಕ್ಕೆ ಪ್ರತಿಯಾಗಿ ಸುವೆನ್‌ನ 18ನೆಯ ಅಧ್ಯಾಯ ನಾಡಿ ನೋಡುವ ಕ್ರಮವನ್ನು ಹೇಳುವುದು ಹೀಗೆ: ಆರೋಗ್ಯವಂತನಾದ ವೈದ್ಯ ತನ್ನ ಉಸಿರನ್ನು ಸಮಗೊಳಿಸಿಕೊಂಡು, ಆ ಉಸಿರಿನ ಅಳತೆಯಲ್ಲಿ ರೋಗಿಯ ಮಿಡಿತವನ್ನು ಎಣಿಸಬೇಕು, ಉಸಿರು ಬಿಡುವಾಗ ಎರಡು, ಎಳೆಯುವಾಗ ಎರಡು, ಒಮ್ಮೊಮ್ಮೆ ನಡುವೆ ಇನ್ನೊಂದು ಬಂದರೆ ಅದು ಸ್ವಸ್ಥನ ನಾಡಿ. ಅಂದರೆ ಒಂದು ಉಸಿರಿಗೆ ನಾಲ್ಕೈದು ಮಿಡಿತ. ನಿಮಿಷಕ್ಕೆ 16 ಉಸಿರು, 72 ಮಿಡಿತ ಎಂಬ ಇಂದಿನ ಸಾಮಾನ್ಯ ಲೆಕ್ಕದಲ್ಲಿ ಅನುಪಾತ ನಾಲ್ಕೂವರೆ! ರೋಗಿಯ ಹಾಸಿಗೆಯ ಪಕ್ಕ ಕುಳಿತು ಕೈಯಿಂದ ಅಳೆದ ಸಂಖ್ಯೆ ಇಂದಿಗೂ ಸರಿ. ಆಕಾಶಕ್ಕೆ ಹೊಂದಿಸಲೆಂದು ಕೂಡಿಸಿದ ಸಂಖ್ಯೆ ತಪ್ಪು. ಎರಡನ್ನೂ ಒಂದೇ ಸಂಹಿತೆ ಒಂದೇ ಗೌರವದಿಂದ ಇಟ್ಟುಕೊಂಡಿತು. ಮುಂದಿನವರು ಎರಡನ್ನೂ ಒಂದೇ ಶ್ರದ್ಧೆಯಿಂದ ಕಲಿತರು. ಚೀನೀ ವೈದ್ಯದ ಬಲವೂ ಮಿತಿಯೂ ಇಲ್ಲಿಯೇ ಇವೆ ಎಂದು ನನಗೆ ತೋರುತ್ತದೆ.

ರಕ್ತಪರಿಚಲನೆಯ ಹಕ್ಕುಸಾಧನೆಯನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಹಕ್ಕು ಹೊಸದಲ್ಲ. ನಾಗಸಾಕಿಯ ದೆಜಿಮಾ ನಡುಗಡ್ಡೆಯಲ್ಲಿ 1674ರಿಂದ 1676ರವರೆಗೆ ಇದ್ದ ಡಚ್ ವೈದ್ಯ ವಿಲ್ಲೆಂ ಟೆನ್ ರೈನೆ 1683ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚೀನೀಯರಿಗೆ ಅಂಗರಚನೆ ಗೊತ್ತಿಲ್ಲದಿದ್ದರೂ ರಕ್ತದ ಸುತ್ತುವಿಕೆಯನ್ನು ಯುರೋಪಿನವರಿಗಿಂತ ಹೆಚ್ಚು ಕಾಲದಿಂದ, ಹೆಚ್ಚು ಆಸ್ಥೆಯಿಂದ ಕಲಿಸುತ್ತ ಬಂದಿದ್ದಾರೆ ಎಂಬ ಅಭಿಪ್ರಾಯ ಕೊಟ್ಟ. 1980ರಲ್ಲಿ ವಿಜ್ಞಾನದ ಇತಿಹಾಸಕಾರರಾದ ಜೋಸೆಫ್ ನೀಧಮ್ ಮತ್ತು ಲು ಗ್ವೇಜೆನ್ ಇದನ್ನು ವಿಸ್ತಾರವಾಗಿ ಸಮರ್ಥಿಸಿದರು. ಅವರ ಪರವಾಗಿ ಹೇಳಬೇಕಾದದ್ದಿದೆ. ನಾಳಗಳಲ್ಲಿ ಹರಿವು ನಿಲ್ಲದೆ ಸುತ್ತುತ್ತದೆ ಎಂದು ಸುವೆನ್ ನೇರವಾಗಿಯೇ ಹೇಳುತ್ತದೆ. ರಕ್ತ ಅಂಗಾಂಗಗಳಲ್ಲಿ ಇಂಗಿ ಮುಗಿದುಹೋಗುತ್ತದೆ ಎಂಬ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲನ್‌ನ ಮತಕ್ಕಿಂತ ಇದು ಸತ್ಯಕ್ಕೆ ಹತ್ತಿರ. ಒಂದು ಸುತ್ತಿಗೆ ಸುಮಾರು 29 ನಿಮಿಷ ಎಂಬುದನ್ನು ಕಂಡು, ಹಾರ್ವೆಯೂ ತನ್ನ ಲೆಕ್ಕಕ್ಕೆ ಅರ್ಧ ಗಂಟೆಯನ್ನೇ ಮಾನವಾಗಿ ತೆಗೆದುಕೊಂಡಿದ್ದನ್ನು ನೆನೆದು ಬೆರಗಾಗುವುದೂ ಸಹಜ. ಆದರೆ ಹಾರ್ವೆ ಕೇಳಿದ ಪ್ರಶ್ನೆ ಬೇರೆ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಹಾಕುತ್ತದೆ, ಅರ್ಧ ಗಂಟೆಯಲ್ಲಿ ಅದು ಎಷ್ಟಾಗುತ್ತದೆ, ತಿಂದ ಆಹಾರದಿಂದ ಅಷ್ಟು ರಕ್ತ ಹುಟ್ಟಲು ಸಾಧ್ಯವೇ ಎಂದು ಕೇಳಿ, ಸಾಧ್ಯವಿಲ್ಲವಾದ್ದರಿಂದ ಅದೇ ರಕ್ತ ಮರಳಿ ಬರಲೇಬೇಕು ಎಂದು ತೀರ್ಮಾನಿಸಿದ. ತೋಳಿಗೆ ಕಟ್ಟು ಬಿಗಿದು ಯಾವ ನಾಳ ಕಟ್ಟಿನ ಯಾವ ಬದಿಗೆ ಉಬ್ಬುತ್ತದೆ ಎಂದು ತೋರಿಸಿದ. ಲಿಂಗ್‌ಶುವಿನ ಬಳೆಯಲ್ಲಿ ಹೃದಯ ಹನ್ನೆರಡು ನಿಲ್ದಾಣಗಳಲ್ಲಿ ಐದನೆಯದು, ಅಷ್ಟೆ. ಹರಿವನ್ನು ನಡೆಸುವುದು ಉಸಿರು. ಮಣಿಕಟ್ಟಿನಲ್ಲಿ ಮಿಡಿಯುವುದು ಶ್ವಾಸಕೋಶದ ನಾಳ, ಸುತ್ತು ಆರಂಭವಾಗುವುದೂ ಮುಗಿಯುವುದೂ ಅಲ್ಲಿಯೇ. ಆದ್ದರಿಂದ ಇಡೀ ದೇಹದ ವರ್ತಮಾನ ಅಲ್ಲಿ ಸಿಗುತ್ತದೆ ಎಂಬುದೇ ಮಣಿಕಟ್ಟಿನ ಪರವಾಗಿ ನಾನ್‌ಜಿಂಗ್ ಹೂಡಿದ ವಾದ. ಹೋಗುವ ನಾಳ, ಬರುವ ನಾಳ ಎಂಬ ಎರಡು ವ್ಯೂಹಗಳೇ ಇಲ್ಲದ ಕಡೆ ಅವುಗಳ ನಡುವಿನ ಕೊಂಡಿಯಾದ ಲೋಮನಾಳದ ಪ್ರಶ್ನೆಯೂ ಏಳುವುದಿಲ್ಲ. ಸುತ್ತು ಇದೆ ಎನ್ನುವುದಕ್ಕೂ ಏಕೆ ಇರಲೇಬೇಕು ಎಂದು ಸಾಧಿಸುವುದಕ್ಕೂ ನಡುವಿನ ಅಂತರ ದೊಡ್ಡದು. ಅದನ್ನು ಅಳಿಸಿಹಾಕಿದರೆ ಹಾನ್ ಕಾಲದ ವೈದ್ಯರಿಗೂ ನ್ಯಾಯವಾಗುವುದಿಲ್ಲ, ಹಾರ್ವೆಗೂ ಆಗುವುದಿಲ್ಲ.

ಹೆಣ ಕೊಯ್ದು ನೋಡದಿದ್ದುದೇ ಈ ಕೊರತೆಗೆ ಕಾರಣ, ತಂದೆತಾಯಿ ಕೊಟ್ಟ ದೇಹವನ್ನು ಊನಗೊಳಿಸಬಾರದೆಂಬ ಕನ್‌ಫ್ಯೂಷಿಯನ್ ನೀತಿ ಅಡ್ಡಬಂತು ಎಂಬ ವಿವರಣೆ ಪ್ರಚಲಿತವಾಗಿದೆ. ಅದರಲ್ಲಿ ಸತ್ಯಾಂಶವಿದೆ, ಆದರೆ ಅದೊಂದೇ ಸಾಲದು. ಲಿಂಗ್‌ಶುವಿನ 12ನೆಯ ಅಧ್ಯಾಯವೇ ಸತ್ತವನನ್ನು ಕೊಯ್ದು ನೋಡಬಹುದು, ಅಂಗಗಳ ಗಾತ್ರವನ್ನೂ ನಾಳಗಳ ಉದ್ದವನ್ನೂ ಹೀಗೆ ಅಳೆಯಬಹುದು ಎನ್ನುತ್ತದೆ; ಅದೇ ಅಧ್ಯಾಯ ಹನ್ನೆರಡು ನಾಳಗಳನ್ನು ಚೀನಾದ ಹನ್ನೆರಡು ನದಿಗಳಿಗೆ ಹೊಂದಿಸುತ್ತದೆ. ಕ್ರಿ.ಶ. 16ರಲ್ಲಿ, ಸಿಂಹಾಸನವನ್ನು ಕಸಿದುಕೊಂಡಿದ್ದ ವಾಂಗ್ ಮಾಂಗ್, ಬಂಡಾಯಗಾರನಾದ ವಾಂಗ್ ಸುನ್‌ಚಿಂಗ್ ಎಂಬವನ ದೇಹವನ್ನು ಆಸ್ಥಾನವೈದ್ಯನಿಂದಲೂ ಕಟುಕನಿಂದಲೂ ಕೊಯ್ಸಿದ. ಒಳಾಂಗಗಳನ್ನು ಅಳೆದರು, ನಾಳಗಳೊಳಗೆ ತೆಳುವಾದ ಬಿದಿರುಕಡ್ಡಿ ತೂರಿಸಿ ಅವು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತವೆ ಎಂದು ನೋಡಿದರು, ಚಿಕಿತ್ಸೆಗೆ ಇದು ನೆರವಾಗುವುದೆಂದು ಹೇಳಿಕೊಂಡರು ಎಂದು ಹಾನ್ ರಾಜವಂಶದ ಇತಿಹಾಸ ದಾಖಲಿಸಿದೆ. ಸುಂಗ್ ಕಾಲದಲ್ಲಿ, 1045ರಲ್ಲಿ, ಗುವಾಂಗ್‌ಶಿಯಲ್ಲಿ ಮರಣದಂಡನೆಗೆ ಗುರಿಯಾದ ಔ ಶಿಫಾನ್ ಮತ್ತು ಅವನ ಸಂಗಡಿಗರ ದೇಹಗಳನ್ನು ತೆರೆದು ಚಿತ್ರಕಾರನಿಂದ ಬರೆಸಿದರು. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಯಾಂಗ್ ಜಿಯೆ ಇನ್ನೊಂದು ಚಿತ್ರಸಂಪುಟ ಮಾಡಿದ. ನೋಡುವ ಅವಕಾಶ ಬಂದಾಗಲೂ ನಾಳಗಳ ಬಗೆಗಿನ ತಿಳಿವಳಿಕೆ ಬದಲಾಗಲಿಲ್ಲ ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಕಾರಣ ಸರಳ. ಆ ವೈದ್ಯನಿಗೆ ಬೇಕಾಗಿದ್ದ ನಾಳ ಚರ್ಮದ ಮೇಲಿಂದ ಮುಟ್ಟಬಹುದಾದದ್ದು, ಚುಚ್ಚಬಹುದಾದದ್ದು. 1027ರಲ್ಲಿ ವಾಂಗ್ ವೇಯಿಯ ಮೇಲ್ವಿಚಾರಣೆಯಲ್ಲಿ ಎರಕಹೊಯ್ದ ಎರಡು ಕಂಚಿನ ಮನುಷ್ಯಪ್ರತಿಮೆಗಳು ಇದಕ್ಕೆ ಒಳ್ಳೆಯ ಪುರಾವೆ: ವಿದ್ಯಾರ್ಥಿ ಅಭ್ಯಾಸ ಮಾಡುತ್ತಿದ್ದುದು ಪ್ರತಿಮೆಯ ಮೇಲ್ಮೈಯಲ್ಲಿ ಕೊರೆದ ರಂಧ್ರಗಳ ಮೇಲೆ. ಒಳಗಿನ ನಕ್ಷೆ ತಪ್ಪಾಗಿದ್ದರೂ ಸೂಜಿ ಹಾಕುವ ಕೈಗೆ ಅದರಿಂದ ಯಾವ ಅಡಚಣೆಯೂ ಆಗುತ್ತಿರಲಿಲ್ಲ. ಆಗದ ತನಕ ತಿದ್ದುವ ಒತ್ತಡವೂ ಹುಟ್ಟಲಿಲ್ಲ.

ಕೊರಿಯಾದಲ್ಲಿ ಹೊ ಜುನ್ 1610ರಲ್ಲಿ ಮುಗಿಸಿದ, 1613ರಲ್ಲಿ ಅಚ್ಚಾದ ‘ದೊಂಗ್ವಿ ಬೊಗಾಮ್’ ಚೀನೀ ಗ್ರಂಥಗಳ ನಾಳವಿಚಾರವನ್ನು ಹೆಚ್ಚು ಬದಲಿಸದೆ ಕ್ರಮವಾಗಿ ಜೋಡಿಸಿಕೊಟ್ಟಿತು. ಜಪಾನಿನಲ್ಲಿ ಕಥೆ ಬೇರೆ ತಿರುವು ಪಡೆಯಿತು. 1754ರಲ್ಲಿ ಕ್ಯೋಟೋದ ಯಮವಾಕಿ ತೊಯೊ ಸರ್ಕಾರದ ಅನುಮತಿಯೊಡನೆ ಮರಣದಂಡನೆಗೊಳಗಾದವನೊಬ್ಬನ ಶವಚ್ಛೇದನ ನೋಡಿ, 1759ರಲ್ಲಿ ಅದರ ವರದಿ ಪ್ರಕಟಿಸಿದ. 1771ರ ವಸಂತದಲ್ಲಿ ಎದೋ ನಗರದ ಕೊತ್ಸುಗಹಾರ ವಧಾಸ್ಥಾನದಲ್ಲಿ ಸುಗಿತಾ ಗೆಂಪಾಕು, ಮಾಯೆನೊ ರ್ಯೋತಾಕು ಮತ್ತವರ ಗೆಳೆಯರು ಡಚ್ ಭಾಷೆಯ ಅಂಗರಚನೆಯ ಪುಸ್ತಕವನ್ನು ಕೈಯಲ್ಲಿ ಹಿಡಿದು ಇನ್ನೊಂದು ಶವಚ್ಛೇದನವನ್ನು ನೋಡಿದರು. ಕೊಯ್ಯುತ್ತಿದ್ದವನು ತೊಂಬತ್ತರ ಮುದುಕ. ಆತ ಹೃದಯ, ಯಕೃತ್ತು, ಪಿತ್ತಕೋಶ, ಜಠರಗಳನ್ನು ತೋರಿಸಿದ ಮೇಲೆ ಇನ್ನೂ ಕೆಲವನ್ನು ತೋರಿಸಿ, ಇವುಗಳ ಹೆಸರು ತನಗೆ ಗೊತ್ತಿಲ್ಲ, ಆದರೆ ಯೌವನದಿಂದಲೂ ತಾನು ತೆರೆದ ಪ್ರತಿಯೊಂದು ದೇಹದಲ್ಲೂ ಇವು ಇದ್ದೇ ಇದ್ದವು ಎಂದನಂತೆ. ಡಚ್ ಚಿತ್ರಗಳೊಡನೆ ಹೋಲಿಸಿದಾಗ ಆ ಹೆಸರಿಲ್ಲದವುಗಳಲ್ಲಿ ಅಪಧಮನಿ ಮತ್ತು ಅಭಿಧಮನಿಗಳ ದೊಡ್ಡ ಕಾಂಡಗಳು ಸೇರಿದ್ದವೆಂದು ತಿಳಿಯಿತು ಎಂದು ಸುಗಿತಾ ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿದೆ. ಹಿಂದೆ ನೋಡಲು ಬಂದಿದ್ದ ವೈದ್ಯರು ಯಾರೂ ಅವು ಏನೆಂದು ಕೇಳಿರಲಿಲ್ಲ. ಹನ್ನೆರಡು ನಾಳಗಳ ಗೆರೆಗಳನ್ನು ಕಂಠಪಾಠ ಮಾಡಿದ್ದವರ ಕಣ್ಣೆದುರೇ ದೇಹದ ಅತಿ ದೊಡ್ಡ ರಕ್ತನಾಳ ಹೆಸರಿಲ್ಲದೆ ಬಿದ್ದಿತ್ತು. ಮೂರು ವರ್ಷಗಳ ಅನಂತರ, 1774ರಲ್ಲಿ, ಆ ಡಚ್ ಪುಸ್ತಕದ ಅನುವಾದ ‘ಕೈತಾಯ್ ಶಿನ್ಶೊ’ ಹೊರಬಂತು.

ಹಾಗಾದರೆ ಕಣ್ಣಾರೆ ನೋಡಿದ್ದರೆ ಎಲ್ಲ ಸರಿಹೋಗುತ್ತಿತ್ತೆ? ಚೀನಾದ ವೈದ್ಯ ವಾಂಗ್ ಚಿಂಗ್‌ರೆನ್‌ನ ಪ್ರಸಂಗ ಇದಕ್ಕೆ ಉತ್ತರ. 1797ರಲ್ಲಿ ಈತ ಲುವಾನ್‌ಜೋ ಪ್ರಾಂತದಲ್ಲಿದ್ದಾಗ ಮಕ್ಕಳಲ್ಲಿ ಸಾಂಕ್ರಾಮಿಕ ರೋಗ ಹರಡಿ ನೂರಾರು ಎಳೆಯ ಜೀವಗಳು ಹೋದವು. ಬಡವರು ಚಾಪೆಯಲ್ಲಿ ಸುತ್ತಿ ಆಳವಿಲ್ಲದ ಗುಂಡಿಯಲ್ಲಿ ಮುಚ್ಚಿದ ಶವಗಳನ್ನು ನಾಯಿಗಳು ಎಳೆದು ಹಾಕಿದ್ದವು. ಮೊದಲು ಮೂಗು ಮುಚ್ಚಿಕೊಂಡು ಹಾದುಹೋದ ವಾಂಗ್, ಆಮೇಲೆ ದಿನವೂ ಬೆಳಗ್ಗೆ ಹೋಗಿ ಹತ್ತು ದಿನಗಳ ಕಾಲ ಮೂವತ್ತಕ್ಕೂ ಹೆಚ್ಚು ಶವಗಳ ಒಳಾಂಗಗಳನ್ನು ನೋಡಿ ಹಳೆಯ ಚಿತ್ರಗಳೊಡನೆ ತಾಳೆಹಾಕಿದ. ಮುಂದೆ ದಶಕಗಳ ವಿಚಾರಣೆಯ ಬಳಿಕ 1830ರಲ್ಲಿ ‘ಯಿಲಿನ್ ಗಾಯ್‌ತ್ಸೊ’ ಎಂಬ ಹೆಸರಿನಲ್ಲಿ ಹಿಂದಿನವರ ತಪ್ಪುಗಳನ್ನು ತಿದ್ದುವ ಪುಸ್ತಕ ಪ್ರಕಟಿಸಿದ. ಇಷ್ಟು ಧೈರ್ಯ, ಇಷ್ಟು ಶ್ರಮದ ಮೇಲೆ ನಾಳಗಳ ವಿಷಯದಲ್ಲಿ ಆತ ಮುಟ್ಟಿದ ನಿರ್ಣಯ ತಪ್ಪಾಗಿತ್ತು. ಬೆನ್ನೆಲುಬಿನ ಮುಂದೆ ಸಾಗುವ ದೊಡ್ಡ ನಾಳ ಖಾಲಿಯಾಗಿ ಕಂಡಿದ್ದರಿಂದ ಅದು ಚಿ ಸಾಗಿಸುವ ನಾಳವೆಂದೂ, ಮಣಿಕಟ್ಟಿನಲ್ಲಿ ಮಿಡಿಯುವುದೂ ಅದರ ಕವಲೆಂದೂ ಬಗೆದ; ವಪೆಯ ಮೇಲೆ ನಿಂತಿದ್ದ ರಕ್ತವನ್ನು ಕಂಡು ಅಲ್ಲಿ ರಕ್ತದ ಕೊಳವೊಂದು ಇದೆಯೆಂದ. ಸತ್ತ ಮೇಲೆ ಅಪಧಮನಿಗಳ ಗೋಡೆ ಕುಗ್ಗಿ ರಕ್ತ ಅಭಿಧಮನಿಗಳಿಗೆ ಸರಿಯುವುದರಿಂದ ಶವದಲ್ಲಿ ಅವು ಬರಿದಾಗಿ ಕಾಣುತ್ತವೆ. ಗ್ರೀಕರಲ್ಲಿ ಪ್ರಾಕ್ಸಾಗೊರಸ್ ಮತ್ತು ಎರಾಸಿಸ್ಟ್ರಾಟಸ್ ಕ್ರಿಸ್ತಪೂರ್ವದಲ್ಲೇ ಇದೇ ನೋಟಕ್ಕೆ ಮೋಸಹೋಗಿ ಅಪಧಮನಿಯಲ್ಲಿ ವಾಯುವಿದೆ ಎಂದಿದ್ದರು. ಮುಂಗೈಯ ಮಾಯ್ ತೂತಾದರೆ ರಕ್ತ ಹೋಗಿ ಸಾವು ಬರುತ್ತದೆ ಎಂದು ಜೀವಂತ ರೋಗಿಯನ್ನು ಕಂಡು ಬರೆದಿದ್ದ ಸುವೆನ್ ಈ ಒಂದು ವಿಷಯದಲ್ಲಿ, ಶವ ಕಂಡು ಬರೆದ ವಾಂಗ್‌ಗಿಂತ ಸರಿಯಾಗಿತ್ತು. ಆ ಕಲ್ಪಿತ ಕೊಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸಲೆಂದು ವಾಂಗ್ ಹೊಂದಿಸಿದ ‘ಶ್ಯುವೆಫು ಜುಯು’ ಕಷಾಯ ಮಾತ್ರ ಚೀನೀ ಔಷಧಿ ಅಂಗಡಿಗಳಲ್ಲಿ ಇಂದಿಗೂ ಮಾರಾಟವಾಗುತ್ತಿದೆ.

1851ರಲ್ಲಿ ಮಿಷನರಿ ವೈದ್ಯ ಬೆಂಜಮಿನ್ ಹಾಬ್ಸನ್ ಗುವಾಂಗ್‌ಜೋದಲ್ಲಿ ಪ್ರಕಟಿಸಿದ ಚೀನೀ ಭಾಷೆಯ ಅಂಗರಚನೆಯ ಪುಸ್ತಕ ಹೃದಯದ ಕೋಣೆಗಳನ್ನೂ ರಕ್ತದ ಹೋಗುಬರುವ ಹಾದಿಯನ್ನೂ ಚಿತ್ರಸಹಿತ ತೋರಿಸಿತು. 1892ರಲ್ಲಿ ಚೀನೀ ವೈದ್ಯ ಟಾಂಗ್ ಜೊಂಗ್‌ಹೈ ಎರಡು ವೈದ್ಯಗಳನ್ನು ಬೆಸೆಯಲು ಹೊರಟು, ಆಕಾರ ಪಶ್ಚಿಮದವರಿಗೆ ಗೊತ್ತು, ಚಿಯ ವ್ಯಾಪಾರ ನಮಗೆ ಗೊತ್ತು ಎಂಬ ರಾಜಿಸೂತ್ರ ಹಾಕಿದ. ಮಾಯ್ ಮತ್ತು ರಕ್ತನಾಳ ಬೇರೆಯಾಗತೊಡಗಿದ್ದು ಈ ಘಟ್ಟದಲ್ಲಿ: ರಕ್ತವನ್ನು ಪಶ್ಚಿಮದ ನಾಳಕ್ಕೆ ಬಿಟ್ಟುಕೊಟ್ಟ ಮೇಲೆ ಮಾಯ್‌ಗೆ ಉಳಿದದ್ದು ಚಿ ಮಾತ್ರ. 1930ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಸೂಲಿಯೆ ದ ಮೊರಾಂ ಆ ಚಿಯನ್ನು ‘ಶಕ್ತಿ’ಯೆಂದು ನಿರೂಪಿಸಿ ಯುರೋಪಿನಲ್ಲಿ ಅಕ್ಯುಪಂಕ್ಚರನ್ನು ಜನಪ್ರಿಯಗೊಳಿಸಿದಾಗ ಬೇರ್ಪಡೆ ಗಟ್ಟಿಯಾಯಿತು. ಚಿ ಮತ್ತು ರಕ್ತ ಎರಡೂ ಮಾಯ್‌ನಲ್ಲಿ ಹರಿಯುತ್ತವೆ ಎಂದು ಪ್ರಾಚೀನರೇ ಹೇಳಿದ್ದಾರಲ್ಲ, ಆದ್ದರಿಂದ ಇದು ಹೊಸ ಅರ್ಥವಲ್ಲ ಎಂದು ವಾದಿಸುವವರಿದ್ದಾರೆ. ಅವರು ಹೇಳುವಂತೆ ಎರಡೂ ಹರಿಯುತ್ತವೆ ನಿಜ, ಆದರೆ ಒಂದೇ ನಾಳದಲ್ಲಿ. ರಕ್ತವಿಲ್ಲದ, ಚಿಗೆ ಮಾತ್ರ ಮೀಸಲಾದ ಹನ್ನೆರಡು ನಾಳಗಳ ಮಾತು ನೇಜಿಂಗ್‌ನಲ್ಲಿಲ್ಲ. ಈ ಬೇರ್ಪಡೆಯ ಫಲವಾಗಿಯೇ ಮೂರನೆಯ ಬಗೆಯ ಕೊಳವೆಯೊಂದನ್ನು ಹುಡುಕುವ ಕೆಲಸ ಶುರುವಾಯಿತು. 1960ರ ದಶಕದ ಆರಂಭದಲ್ಲಿ ಉತ್ತರ ಕೊರಿಯಾದ ಕಿಮ್ ಬೊಂಗ್-ಹಾನ್, ರಕ್ತನಾಳವೂ ಅಲ್ಲದ ನರವೂ ಅಲ್ಲದ ಸೂಕ್ಷ್ಮನಾಳಗಳ ವ್ಯೂಹವನ್ನು ಕಂಡುಹಿಡಿದಿರುವುದಾಗಿ ಘೋಷಿಸಿದ. ಆ ದಶಕ ಮುಗಿಯುವ ಮುನ್ನವೇ ಆ ಸಂಶೋಧನೆಯ ಸದ್ದು ಅಡಗಿತು. ಈ ಶತಮಾನದಲ್ಲಿ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಮತ್ತೆ ಕೈಗೆತ್ತಿಕೊಂಡು, ಮೊಲ ಮತ್ತು ಇಲಿಗಳ ಒಳಾಂಗಗಳ ಮೇಲ್ಮೈಯಲ್ಲೂ ರಕ್ತನಾಳಗಳ ಒಳಗೂ ಬಹಳ ತೆಳುವಾದ ಎಳೆಗಳನ್ನು ವರ್ಣಿಸಿದ್ದಾರೆ. ಆ ಎಳೆಗಳು ಅಕ್ಯುಪಂಕ್ಚರ್ ಗೋಡೆಪಟದ ಹನ್ನೆರಡು ಗೆರೆಗಳ ಜಾಡಿನಲ್ಲಿ ಸಾಗುತ್ತವೆ ಎಂಬುದು ಮಾತ್ರ ಸ್ಥಾಪಿತವಾಗಿಲ್ಲ.